ಹೊಸ ಬ್ಲೇಡ್ ಒಂದೇ ಸಾಲದು: ಕಟಿಂಗ್ ಅಂಗಡಿಯಲ್ಲಿ ರಕ್ತದ ಸೋಂಕು ತಗುಲದಂತೆ ಏನು ಮಾಡಬೇಕು

ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆ ಎಲ್ಲಾದರೂ ರಕ್ತದಾನ ಶಿಬಿರ ನಡೆದರೆ, ಆಮೇಲೆ ನನಗೆ ಬರುವ ಫೋನುಗಳಲ್ಲಿ ಒಂದು ಪ್ರಶ್ನೆ ತಪ್ಪುವುದಿಲ್ಲ. "ಸರ, ರಕ್ತದಾಗ ಕಾಮಣಿ ಐತಿ ಅಂದ್ರು. ನನಗ ಆಪರೇಶನ್ ಆಗಿಲ್ಲ, ರಕ್ತ ಏರಿಸಿಲ್ಲ. ದಾಡಿ ಮಾಡಿಸಿದ್ರಿಂದ ಬಂದಿರತೈತೇನ್ರಿ?" ನಾನು ರಕ್ತ ಕೇಂದ್ರದ ಪ್ರಯೋಗಾಲಯದಲ್ಲಿ ಕೆಲಸ ಮಾಡುವವನು. ದಾನಿ ಕೊಟ್ಟ ಪ್ರತಿ ಚೀಲವನ್ನೂ ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯಾ ಈ ಐದಕ್ಕೂ ಪರೀಕ್ಷೆ ಮಾಡಲೇಬೇಕು. ಮೈಯಲ್ಲಿ ಸೋಂಕು ಇರುವುದು ಎಷ್ಟೋ ಜನಕ್ಕೆ ಗೊತ್ತಾಗುವುದೇ ಅಲ್ಲಿ.

ಬರಬಹುದು ಎಂಬುದೇ ನನ್ನ ಉತ್ತರ. ಆದರೆ ಅಲ್ಲಿಂದಲೇ ಬಂತು ಅಂತ ಯಾರೂ ಖಚಿತವಾಗಿ ಹೇಳಲಾರರು. ಹುಟ್ಟುವಾಗ ತಾಯಿಯಿಂದ, ಒಬ್ಬರಿಗೆ ಬಳಸಿದ ಸೂಜಿಯನ್ನು ಇನ್ನೊಬ್ಬರಿಗೆ ಚುಚ್ಚಿದ್ದರಿಂದ, ಕಾಂಡೋಮ್ ಇಲ್ಲದ ಲೈಂಗಿಕ ಸಂಪರ್ಕದಿಂದ, ಹಚ್ಚೆ ಹಾಕಿಸಿಕೊಂಡಿದ್ದರಿಂದಲೂ ಬಂದಿರಬಹುದು. ಸುಮ್ಮನೆ ಅಂಗಡಿಯವರ ಮೇಲೆ ಗೂಬೆ ಕೂರಿಸುವುದು ಸರಿಯಲ್ಲ. ನಿಜ ಹೇಳಬೇಕೆಂದರೆ, ದಿನಕ್ಕೆ ಹತ್ತಾರು ಬ್ಲೇಡ್ ಮುರಿಯುವ ಕ್ಷೌರಿಕನ ಬೆರಳಿಗೇ ಎಲ್ಲರಿಗಿಂತ ಹೆಚ್ಚು ಅಪಾಯ. ಹಾಗಾಗಿ ಇಲ್ಲಿ ಗಿರಾಕಿಗೂ ಅಂಗಡಿಯವರಿಗೂ ಬೇಕಾದದ್ದನ್ನು ಒಟ್ಟಿಗೇ ಬರೆದಿದ್ದೇನೆ.

ಮೊದಲು ಕಾಯಿಲೆಯ ಬಗ್ಗೆ ಎರಡು ಮಾತು

ನಮ್ಮಲ್ಲಿ ಕಣ್ಣು ಹಳದಿಯಾದರೆ ಎಲ್ಲಕ್ಕೂ ಕಾಮಣಿ ಅನ್ನುತ್ತೇವೆ. ಹೆಪಟೈಟಿಸ್ ಅಂದರೆ ಲಿವರಿನ ಉರಿಯೂತ. ಅದರಲ್ಲಿ ಎ ಮತ್ತು ಇ ಬಗೆಯವು ಕೆಟ್ಟ ನೀರು, ಆಹಾರದಿಂದ ಬರುತ್ತವೆ. ಬಿ ಮತ್ತು ಸಿ ರಕ್ತದಿಂದ ರಕ್ತಕ್ಕೆ ದಾಟುತ್ತವೆ. ಇವೆರಡರಲ್ಲಿ ಕಣ್ಣು ಹಳದಿಯಾಗದೆಯೇ ಹತ್ತಿಪ್ಪತ್ತು ವರ್ಷ ಕಳೆಯಬಹುದು. ಒಳಗೊಳಗೇ ಲಿವರ್ ಗಟ್ಟಿಯಾಗಿ, ಹೊಟ್ಟೆಯಲ್ಲಿ ನೀರು ತುಂಬಿದಾಗಲೋ, ಕ್ಯಾನ್ಸರ್ ಆದಾಗಲೋ ಗೊತ್ತಾಗುತ್ತದೆ. ಹಾಗಾಗಿ ಮುಖ ನೋಡಿ "ಇವರಿಗೆ ಇರಲಿಕ್ಕಿಲ್ಲ" ಅನ್ನುವ ಅಂದಾಜು ಬೇಡವೇ ಬೇಡ.

ಜನ ಹೆದರುವುದು ಎಚ್‌ಐವಿಗೆ. ಆದರೆ ಕಟಿಂಗ್ ಅಂಗಡಿಯ ಮಟ್ಟಿಗೆ ಮೊದಲು ಹೆದರಬೇಕಾದದ್ದು ಹೆಪಟೈಟಿಸ್ ಬಿಗೆ. ಆಸ್ಪತ್ರೆ ಸಿಬ್ಬಂದಿಗೆ ಸೋಂಕಿನ ಸೂಜಿ ಚುಚ್ಚಿದಾಗಿನ ಲೆಕ್ಕ ನೋಡಿ: ಲಸಿಕೆ ಹಾಕಿಸಿಕೊಳ್ಳದವರಲ್ಲಿ ಹೆಪಟೈಟಿಸ್ ಬಿ ಅಂಟುವುದು 100ಕ್ಕೆ 6ರಿಂದ 30 ಜನಕ್ಕೆ, ಸಿ ಅಂಟುವುದು 100ಕ್ಕೆ ಇಬ್ಬರಿಗೋ ಇನ್ನೂ ಕಡಿಮೆಯೋ, ಎಚ್‌ಐವಿ 1000ಕ್ಕೆ ಮೂವರಿಗೆ. ದಾಡಿಯ ಗೀರು ಸೂಜಿಯಷ್ಟು ಆಳಕ್ಕೆ ಇಳಿಯುವುದಿಲ್ಲ, ಅಪಾಯ ಇದಕ್ಕಿಂತ ಕಡಿಮೆ. ಆದರೆ ಮೂರರಲ್ಲಿ ಯಾವುದು ಮುಂದೆ, ಯಾವುದು ಹಿಂದೆ ಎಂಬುದು ಹಾಗೇ ಉಳಿಯುತ್ತದೆ. ಎಚ್‌ಐವಿ ವೈರಾಣು ಮೈಯಿಂದ ಹೊರಬಂದು ಒಣಗಿದರೆ ಬೇಗ ಬಲ ಕಳೆದುಕೊಳ್ಳುತ್ತದೆ. ಹೆಪಟೈಟಿಸ್ ಬಿ ವೈರಾಣು ಒಣಗಿದ ರಕ್ತದಲ್ಲೂ ಕನಿಷ್ಠ 7 ದಿನ ಜೀವಂತ ಇರಬಲ್ಲದು. ಆ ರಕ್ತ ಕಣ್ಣಿಗೆ ಕಾಣುವಷ್ಟು ಇರಬೇಕೆಂದೂ ಇಲ್ಲ.

ಬೇಕಾಗುವುದು ಇಷ್ಟೇ

ನಿಮ್ಮದೇ ಒಂದು ಸಣ್ಣ ಚೀಲ. ಅದರಲ್ಲಿ ಬ್ಲೇಡ್ ಸಿಕ್ಕಿಸುವ ಕತ್ತಿ, ಅಂದರೆ ರೇಜರ್, ಬಿಚ್ಚದ ಬ್ಲೇಡ್ ಪಟ್ಟಿ, ಒಂದು ಕೈವಸ್ತ್ರ, ಸ್ವಲ್ಪ ಹತ್ತಿ. ನಮ್ಮ ಕಡೆ ಕೆಲವು ಹಿರಿಯರು ಇಂಥ ಚೀಲವನ್ನು ಅಂಗಡಿಯಲ್ಲೇ ಬಿಟ್ಟಿರುತ್ತಾರೆ, ಅದರ ಮೇಲೆ ಅವರ ಹೆಸರು ಬರೆದಿರುತ್ತದೆ. ಒಳ್ಳೆಯ ಪದ್ಧತಿ. ಚೀಲ ಒಯ್ಯಲು ಆಗದವರು ಮುಂದಿನ ಹಂತಗಳನ್ನು ಗಮನವಿಟ್ಟು ಓದಿ.

1. ಕೂರುವ ಮುಂಚೆ ಕನ್ನಡಿ ಕೆಳಗಿನ ಹಲಗೆ ನೋಡಿ

ನೆಲ ಹೊಳೆಯುತ್ತಿದೆಯೇ, ಎಸಿ ಇದೆಯೇ ಎಂಬುದನ್ನು ಬಿಡಿ. ಕತ್ತಿ, ಹಣಿಗೆ, ಪಟಿಕ ಇಟ್ಟ ಹಲಗೆಯ ಮೇಲೆ ಕಣ್ಣಾಡಿಸಿ. ಬಳಸಿದ ಬ್ಲೇಡುಗಳು ಅಲ್ಲೇ ಬಿದ್ದಿವೆಯೇ, ಡಬ್ಬಿಯೊಳಗೆ ಹೋಗುತ್ತಿವೆಯೇ? ಒಂದು ಗಿರಾಕಿ ಎದ್ದ ಮೇಲೆ ಕತ್ತಿಯನ್ನು ತೊಳೆಯುತ್ತಾರೋ, ಟವೆಲಿಗೆ ಒರೆಸಿ ಹಾಗೇ ಮಡಚಿಡುತ್ತಾರೋ? ಹತ್ತು ನಿಮಿಷ ಬೆಂಚಿನ ಮೇಲೆ ಕೂತರೆ ಎಲ್ಲ ಗೊತ್ತಾಗುತ್ತದೆ.

ಭಾನುವಾರ ಬೆಳಗ್ಗೆ ಹೋಗಬೇಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಬೆಂಚಿನ ಮೇಲೆ ಎಂಟು ಜನ ಕಾಯುತ್ತಿದ್ದರೆ ಎಂಥ ಶಿಸ್ತಿನ ಕ್ಷೌರಿಕನಿಗೂ ಕೈ ತೊಳೆಯಲು ಪುರಸೊತ್ತು ಸಿಗುವುದಿಲ್ಲ. ಬುಧವಾರ ಮಧ್ಯಾಹ್ನ ಹೋಗಿ, ಅದೇ ಅಂಗಡಿಯಲ್ಲಿ ಅದೇ ಕೈಯಿಂದ ಇನ್ನೂ ಚೊಕ್ಕ ಕೆಲಸ ಸಿಗುತ್ತದೆ.

ಮುಖದ ಮೇಲೆ ಕೀವುಗಟ್ಟಿದ ಮೊಡವೆ, ಹುಣ್ಣು, ಹಿಂದಿನ ವಾರದ ಗೀರು ಇದ್ದರೆ ಅವತ್ತು ದಾಡಿ ಬೇಡ. ಕತ್ತರಿಯಲ್ಲಿ ಕಟಿಂಗ್ ಮಾತ್ರ ಮಾಡಿಸಿಕೊಂಡು ಬನ್ನಿ.

2. ಬ್ಲೇಡ್ ನಿಮ್ಮ ಕಣ್ಣೆದುರೇ ಬಿಚ್ಚಲಿ, ಕತ್ತಿಯ ಬಾಯಿಯನ್ನೂ ನೋಡಿ

ಹೊಸ ಬ್ಲೇಡ್ ಹಾಕುತ್ತಾರೆ ಎಂದು ನೆಮ್ಮದಿಯಾಗಿ ಕಣ್ಣು ಮುಚ್ಚುತ್ತೇವಲ್ಲ, ತಪ್ಪು ಆಗುವುದು ಅಲ್ಲೇ.

ಎರಡು ಕಡೆ ಹರಿತ ಇರುವ ಬ್ಲೇಡನ್ನು ಕಾಗದದ ಸಮೇತ ಮುರಿದು ಅರ್ಧ ನಿಮಗೆ, ಉಳಿದರ್ಧ ಮುಂದಿನವರಿಗೆ ಬಳಸುವುದು ಎಲ್ಲ ಕಡೆಯ ರೂಢಿ. ಬಳಸದ ಅರ್ಧ ಅದೇ ಕಾಗದದೊಳಗೆ ಬೇರೆಯಾಗಿ ಇದ್ದರೆ ತೊಂದರೆ ಇಲ್ಲ. ಆದರೆ ಬಳಸಿದ ಅರ್ಧ, ಬಳಸದ ಅರ್ಧ ಎರಡೂ ಅದೇ ಹಲಗೆಯ ಮೇಲೆ ಅಕ್ಕಪಕ್ಕ ಬಿದ್ದಿದ್ದರೆ ನೊರೆ ತೊಳೆದುಹೋದ ಮೇಲೆ ಎರಡೂ ಒಂದೇ ಥರ ಹೊಳೆಯುತ್ತವೆ. ಯಾವುದು ಯಾವುದೆಂದು ಹಾಕುವವರಿಗೂ ಗೊತ್ತಾಗದು. ಕಾಗದದಿಂದ ತೆಗೆದದ್ದನ್ನು ನೀವು ನೋಡದಿದ್ದರೆ ಅದು ಹೊಸದಲ್ಲ ಎಂದೇ ತಿಳಿಯಿರಿ.

ಇನ್ನು ಕತ್ತಿ. ಬ್ಲೇಡ್ ಕಚ್ಚಿ ಹಿಡಿಯುವ ಅದರ ಬಾಯನ್ನು ಬೆಳಕಿಗೆ ಹಿಡಿದು ನೋಡಿ. ಅಂಚಿನಲ್ಲಿ ಬೂದು ಬಣ್ಣದ ಪೇಸ್ಟಿನ ಹಾಗೆ ಏನೋ ಒಣಗಿರುತ್ತದೆ. ಅದು ಸೋಪಿನ ನೊರೆ, ಕೂದಲಿನ ಪುಡಿ, ಚರ್ಮದ ಹೊಟ್ಟು, ಜೊತೆಗೆ ಹಿಂದಿನ ಗಿರಾಕಿಗಳ ರಕ್ತ ಇದ್ದರೆ ಅದೂ. ಹೊಸ ಬ್ಲೇಡ್ ಹೋಗಿ ಕೂರುವುದು ಇದರ ಮೇಲೆಯೇ. ನೀರು ತಾಗಿದ ಕೂಡಲೇ ಆ ಒಣಗಿದ್ದು ಕರಗಿ ಬ್ಲೇಡಿನ ಹರಿತದ ಮೇಲೆ ಹರಿಯುತ್ತದೆ.

ಕೇಳಲು ನಾಚಿಕೆ ಆಗುತ್ತದೆ ಎನ್ನುವವರೇ ಹೆಚ್ಚು. ನಾನು ಹೀಗೆ ಕೇಳುತ್ತೇನೆ: "ಅಣ್ಣಾರ, ಕತ್ತಿ ಬಾಯಿ ಬಿಚ್ಚಿ ಒಮ್ಮೆ ಸೋಪು ಹಚ್ಚಿ ತೊಳೀರಿ, ಆಮ್ಯಾಲೆ ಸ್ಪಿರಿಟ್‌ಲೆ ಒರಸ್ರಿ. ನನ್ನ ಚರ್ಮ ಭಾಳ ಸೂಕ್ಷ್ಮ ಐತ್ರಿ." ಇಷ್ಟಕ್ಕೆ ಯಾರೂ ಸಿಟ್ಟಾಗಿದ್ದು ನಾನು ನೋಡಿಲ್ಲ. "ಆತ್ರಿ ಸರ" ಅಂದು ಎದ್ದು ತೊಳೆದು ಬರುತ್ತಾರೆ. ಅದಕ್ಕೆ ಹತ್ತು ರೂಪಾಯಿ ಹೆಚ್ಚು ಕೊಡಿ. ಅವರ ಸಮಯಕ್ಕೂ ಸ್ಪಿರಿಟ್ಟಿಗೂ ಬೆಲೆ ಇದೆ.

ಎಚ್ಚರ: ಕತ್ತಿಯನ್ನು ಡೆಟಾಲ್ ನೀರಿನ ಬಟ್ಟಲಲ್ಲಿ ಅದ್ದಿ ತೆಗೆಯುವುದು, ಬೆಂಕಿಕಡ್ಡಿಯ ಜ್ವಾಲೆಗೆ ಒಂದು ಸುತ್ತು ಹಿಡಿಯುವುದು, ಇವೆರಡನ್ನೂ ಹೆಪಟೈಟಿಸ್ ಬಿ ವಿಷಯದಲ್ಲಿ ನಂಬುವಂತಿಲ್ಲ. ಬೆಳಗಿನಿಂದ ಅದೇ ಬಟ್ಟಲು, ಮೇಲೆ ಕೂದಲು ತೇಲುತ್ತಿದ್ದರಂತೂ ಅದು ಬರೀ ವಾಸನೆಯ ನೀರು. ಹೊಸ ಸಲೂನುಗಳಲ್ಲಿ ನೀಲಿ ದೀಪದ ಪೆಟ್ಟಿಗೆ ಇಟ್ಟಿರುತ್ತಾರೆ. ಆ ಬೆಳಕು ಮಡಚಿದ ಸಂದಿಗೆ, ಒಣಗಿದ ನೊರೆಯ ಕೆಳಗೆ ಇಳಿಯುವುದಿಲ್ಲ. ತೊಳೆದ ಸಾಮಾನನ್ನು ಧೂಳು ಬೀಳದಂತೆ ಇಡುವುದಕ್ಕೆ ಅದು ಸಾಕು, ಅದಕ್ಕಿಂತ ಹೆಚ್ಚಿನದನ್ನು ಅದರಿಂದ ನಿರೀಕ್ಷಿಸಬೇಡಿ.

3. ಪಟಿಕ ಬೇಡ ಅನ್ನಿ

ಇಡೀ ಅಂಗಡಿಯಲ್ಲಿ ನನಗೆ ಹೆಚ್ಚು ಭಯ ಇರುವುದು ಈ ಕಲ್ಲಿನ ಮೇಲೆ. ಕೆಲವರು ಸ್ಫಟಿಕ ಎನ್ನುತ್ತಾರೆ. ದಾಡಿ ಆದ ಮೇಲೆ ನೀರಲ್ಲಿ ಅದ್ದಿ ಕೆನ್ನೆ, ಗದ್ದ, ಕುತ್ತಿಗೆಗೆಲ್ಲ ಉಜ್ಜುತ್ತಾರೆ, ಗೀರು ಬಿದ್ದಲ್ಲಿ ಒತ್ತಿ ಹಿಡಿಯುತ್ತಾರೆ. ರಕ್ತ ನಿಲ್ಲುತ್ತದೆ, ನಿಜ. ಆದರೆ ಆ ರಕ್ತ ಮುಟ್ಟಿದ್ದು ಅದೇ ಕಲ್ಲನ್ನು.

ಕಳೆದ ತಿಂಗಳು ನಾನು ಕೂತ ಅಂಗಡಿಯಲ್ಲಿ ಪಟಿಕದ ತುಂಡು ಸವೆದು ಸವೆದು ಹಳೇ ಸಾಬೂನಿನಂತೆ ನುಣುಪಾಗಿತ್ತು. ನಡುವೆ ಹೆಬ್ಬೆರಳು ಕೂರುವಷ್ಟು ಗುಳಿ. ಆ ಗುಳಿಯಲ್ಲಿ ಮೂರು ಸಣ್ಣ ಕೂದಲು ಅಂಟಿಕೊಂಡಿದ್ದವು, ಎರಡು ಕಪ್ಪು, ಒಂದು ಬಿಳಿ. ಎಷ್ಟು ಜನರ ಗದ್ದ ಮುಟ್ಟಿ ಬಂದಿದೆಯೋ ಆ ಕಲ್ಲು.

ಬ್ಲೇಡ್ ಆದರೆ ಬದಲಾಗುತ್ತದೆ, ಪಟಿಕ ಕರಗಿ ಮುಗಿಯುವ ತನಕ ಒಂದೇ. ತಾಜಾ ಗೀರಿನ ಮೇಲೆ ಇದನ್ನು ಉಜ್ಜಿಸಿಕೊಳ್ಳುವುದೆಂದರೆ ಹಿಂದಿನವರ ರಕ್ತಕ್ಕೆ ನಾವೇ ದಾರಿ ಬಿಟ್ಟುಕೊಟ್ಟಂತೆ. ಬೇಕೇ ಬೇಕೆಂದರೆ ನಿಮ್ಮದೇ ತುಂಡು ಒಯ್ಯಿರಿ. ಅಂಗಡಿಯವರು ಪಟಿಕದ ಪುಡಿ ಇಟ್ಟುಕೊಂಡು, ಪ್ರತಿಯೊಬ್ಬರಿಗೂ ಬೇರೆ ಹತ್ತಿ ತುಂಡಿನಲ್ಲಿ ಹಚ್ಚಿ, ಆ ಹತ್ತಿಯನ್ನು ಎಸೆದರೂ ಆದೀತು. ಹತ್ತಿಯನ್ನು ಪುಡಿಯ ಡಬ್ಬಿಗೆ ಎರಡನೇ ಸಲ ಅದ್ದಬಾರದು, ಅಷ್ಟೇ.

ಸೋಪಿನ ಬ್ರಷ್, ಮುಖ ಒರೆಸುವ ಟವೆಲ್ ಕೂಡ ಇದೇ ಸಾಲಿಗೆ ಸೇರಿದವು. ಕ್ರೀಮನ್ನು ನಿಮ್ಮ ಕೈಯಿಂದಲೇ ಹಚ್ಚಿಕೊಳ್ಳಿ, ಮುಖವನ್ನು ನಿಮ್ಮ ಕೈವಸ್ತ್ರದಲ್ಲಿ ಒರೆಸಿಕೊಳ್ಳಿ.

ಮಷಿನ್ ಬಗ್ಗೆ ಒಂದು ಮಾತು. ಜೀರೋ ಮಷಿನ್ ಹಾಕಿ ಕುತ್ತಿಗೆಯ ಹಿಂದೆ ಎಳೆದರೆ ಅದರ ಹಲ್ಲೂ ಚರ್ಮ ಗೀರುತ್ತದೆ. ಹಲ್ಲನ್ನು ಬ್ರಷ್‌ನಿಂದ ಉಜ್ಜಿ, ಸ್ಪಿರಿಟ್‌ನಲ್ಲಿ ಒರೆಸಿ, ಪೂರ್ತಿ ಒಣಗಿದ ಮೇಲೆಯೇ ಹಚ್ಚಲು ಹೇಳಿ. ಹಸಿ ಸ್ಪಿರಿಟ್ ಇರುವಾಗ ಸ್ವಿಚ್ ಹಾಕಿದರೆ ಬೆಂಕಿ ಹೊತ್ತಬಹುದು.

4. ಗೀರು ಬಿದ್ದು ರಕ್ತ ಬಂದರೆ

ಗಾಬರಿ ಬೇಡ. ಹೊಸ ಬ್ಲೇಡ್, ತೊಳೆದ ಕತ್ತಿ ಆಗಿದ್ದರೆ ಚೊಕ್ಕ ಹತ್ತಿಯಿಂದ ಎರಡು ನಿಮಿಷ ಒತ್ತಿ ಹಿಡಿಯಿರಿ, ಆಮೇಲೆ ಸೋಪು ನೀರಿನಲ್ಲಿ ತೊಳೆಯಿರಿ. ಹಿಂಡಿ ರಕ್ತ ತೆಗೆಯಬೇಡಿ. ಬ್ಲೀಚಿಂಗ್ ನೀರು, ಆಸಿಡ್, ಸುಣ್ಣ ಏನನ್ನೂ ಹಚ್ಚಬೇಡಿ.

ಬೇರೆಯವರಿಗೆ ಬಳಸಿದ ಬ್ಲೇಡ್ ಎಂಬುದು ಆಮೇಲೆ ಗೊತ್ತಾದರೆ, ಅಥವಾ ಕ್ಷೌರಿಕನ ಬೆರಳೂ ಕುಯ್ದು ಇಬ್ಬರ ರಕ್ತವೂ ಬೆರೆತಿದ್ದರೆ, ಅವತ್ತೇ ಆಸ್ಪತ್ರೆಗೆ ಹೋಗಿ. ಇಲ್ಲಿ ಗಂಟೆಗಳ ಲೆಕ್ಕ ಇದೆ. ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಂಡಿರದಿದ್ದರೆ ಆದಷ್ಟು ಬೇಗ, 24 ಗಂಟೆಯೊಳಗಾದರೆ ಉತ್ತಮ, ಮೊದಲ ಡೋಸ್ ಬೀಳಬೇಕು. ಜೊತೆಗೆ ಇಮ್ಯುನೋಗ್ಲೋಬ್ಯುಲಿನ್ ಎಂಬ ಸಿದ್ಧ ಪ್ರತಿಕಾಯದ ಚುಚ್ಚುಮದ್ದು ಬೇಕೇ ಎಂದು ವೈದ್ಯರು ನೋಡುತ್ತಾರೆ. ಎಚ್‌ಐವಿ ತಡೆಯುವ ಮಾತ್ರೆ ಬೇಕೇ ಎಂಬುದನ್ನೂ ಅವರೇ ತೀರ್ಮಾನಿಸುತ್ತಾರೆ. ಬೇಕಾದರೆ ಅದನ್ನು 72 ಗಂಟೆಯೊಳಗೆ ಶುರು ಮಾಡಿ 28 ದಿನ ನುಂಗಬೇಕು. ದಾಡಿಯ ಸಣ್ಣ ಗೀರಿಗೆ ಸಾಮಾನ್ಯವಾಗಿ ಅದು ಬೇಕಾಗುವುದಿಲ್ಲ.

ಬಳ್ಳಾರಿಯವರಿಗೆ ಜನ ಇವತ್ತಿಗೂ ವಿಮ್ಸ್ ಎನ್ನುವ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ, ರಾಯಚೂರಿಗೆ ರಿಮ್ಸ್, ಕೊಪ್ಪಳಕ್ಕೆ ಕಿಮ್ಸ್ ಇವೆ. ಸಿಂಧನೂರು, ಗಂಗಾವತಿ, ಸಿರುಗುಪ್ಪದ ಕಡೆಯವರು ಮೊದಲು ತಾಲ್ಲೂಕು ಆಸ್ಪತ್ರೆಗೆ ಹೋದರೆ ಹೊತ್ತು ಉಳಿಯುತ್ತದೆ.

5. ಮಗುವಿನ ಜವಳಕ್ಕೆ ಹೊರಟಿದ್ದರೆ ಮೊದಲು ಲಸಿಕೆ ಕಾರ್ಡ್ ತೆಗೆಯಿರಿ

ಹುಲಿಗೆಮ್ಮನ ಸನ್ನಿಧಿಗೋ, ಮನೆದೇವರ ಗುಡಿಗೋ ಮಗುವನ್ನು ಎತ್ತಿಕೊಂಡು ಹೋಗುವ ದಿನ ಸಡಗರದಲ್ಲಿ ಇದು ಯಾರಿಗೂ ನೆನಪಾಗುವುದಿಲ್ಲ. ಆದರೆ ಹೆಪಟೈಟಿಸ್ ಬಿ ದೊಡ್ಡವರಿಗೆ ಅಂಟಿದರೆ 100ರಲ್ಲಿ ಸುಮಾರು 95 ಜನಕ್ಕೆ ತಾನೇ ವಾಸಿಯಾಗುತ್ತದೆ. ಒಂದರಿಂದ ಐದು ವರ್ಷದ ಮಕ್ಕಳಿಗೆ ಅಂಟಿದರೆ 100ರಲ್ಲಿ 30ರಿಂದ 50 ಮಕ್ಕಳಲ್ಲಿ ಅದು ಜೀವನವಿಡೀ ಉಳಿದುಬಿಡುತ್ತದೆ. ಹಸುಗೂಸಾದರೆ 100ಕ್ಕೆ 90.

ಕಾರ್ಡಿನಲ್ಲಿ ಹುಟ್ಟಿದ 24 ಗಂಟೆಯೊಳಗಿನ ಹೆಪಟೈಟಿಸ್ ಬಿ ಡೋಸ್, ಆಮೇಲೆ 6, 10, 14 ವಾರದ ಪೆಂಟಾವೇಲೆಂಟ್ ಗುರುತಾಗಿದೆಯೇ ನೋಡಿ. ಐದು ರೋಗಕ್ಕೆ ಒಂದೇ ಚುಚ್ಚುಮದ್ದಾದ ಪೆಂಟಾವೇಲೆಂಟ್‌ನಲ್ಲಿ ಹೆಪಟೈಟಿಸ್ ಬಿ ಕೂಡ ಸೇರಿದೆ. ತಪ್ಪಿದ್ದರೆ ಆಶಾ ಕಾರ್ಯಕರ್ತೆಗೆ ಹೇಳಿ ಹಾಕಿಸಿ, ಆಮೇಲೆ ಜವಳ ಇಟ್ಟುಕೊಳ್ಳಿ. ದೇವರು ಎರಡು ತಿಂಗಳು ಕಾಯುತ್ತಾನೆ.

ಅಲ್ಲಿ ಒಬ್ಬರ ಹಿಂದೆ ಒಬ್ಬರ ತಲೆ ಬೋಳಿಸುತ್ತಿರುತ್ತಾರೆ. ಕತ್ತಿ, ಬ್ಲೇಡ್ ಎರಡೂ ನೀವೇ ಒಯ್ಯಿರಿ. ಮಗು ಅತ್ತು ತಲೆ ಅಲ್ಲಾಡಿಸಿದರೆ ಗೀರು ಬಿದ್ದೇ ಬೀಳುತ್ತದೆ, ಹಾಗಾಗಿ ಸೋದರಮಾವನ ತೊಡೆಯ ಮೇಲೆ ಕೂರಿಸಿ ತಲೆ ಗಟ್ಟಿಯಾಗಿ ಹಿಡಿಯಲು ಹೇಳಿ. ಅದೇ ದಿನ ಕಿವಿ ಚುಚ್ಚಿಸುವುದಿದ್ದರೆ ಸೂಜಿಯೂ ಮಗುವಿನದೇ ಆಗಿರಬೇಕು. ಜಾತ್ರೆಯ ಹಚ್ಚೆಯಂತೂ ಬೇಡ. ಒಂದೇ ಸೂಜಿ, ಒಂದೇ ಬಣ್ಣದ ಬಟ್ಟಲು ಎಷ್ಟು ಕೈಗೆ ಹೋಗಿರುತ್ತದೋ ಹೇಳಲಾಗದು.

6. ಅಂಗಡಿಯ ಅಣ್ಣಂದಿರಿಗೆ: ಮೂರು ಕತ್ತಿ, ಒಂದು ಪ್ಲಾಸ್ಟಿಕ್ ಡಬ್ಬಿ, ಬ್ಲೀಚಿಂಗ್ ಪೌಡರ್

ನಿಮ್ಮ ಕೆಲಸ ನಿಧಾನ ಆಗಬಾರದು, ಖರ್ಚೂ ಏರಬಾರದು. ಅದಕ್ಕೆ ಮೂರು ಸ್ಟೀಲ್ ಕತ್ತಿ ಇಟ್ಟುಕೊಳ್ಳಿ. ಒಂದು ಕೈಯಲ್ಲಿ, ಒಂದು ನೆನೆಯುತ್ತಾ, ಒಂದು ಒಣಗುತ್ತಾ ಇರಲಿ. ಆಗ ಗಿರಾಕಿ ಕಾಯಬೇಕಿಲ್ಲ.

ದ್ರಾವಣ ಮಾಡುವುದು ಹೀಗೆ. ಪಂಚಾಯ್ತಿಯವರು ನೀರಿನ ಟ್ಯಾಂಕಿಗೆ ಹಾಕುವ ಬ್ಲೀಚಿಂಗ್ ಪೌಡರೇ ಸಾಕು. ಒಂದು ಲೀಟರ್ ನೀರಿಗೆ ಮೂರು ಚಹಾ ಚಮಚ, ಅಂದರೆ ಸುಮಾರು 15 ಗ್ರಾಂ, ಹಾಕಿ ಕಲಸಿ ತಳಕ್ಕೆ ಕೂರಲು ಬಿಡಿ. ಮೇಲಿನ ತಿಳಿಯನ್ನು ಬಳಸಿ. 5 ಶೇಕಡದ ದ್ರವ ಹೈಪೋಕ್ಲೋರೈಟ್ ಸಿಕ್ಕರೆ ಒಂದು ಲೋಟಕ್ಕೆ ಒಂಬತ್ತು ಲೋಟ ನೀರು. ಎರಡರಲ್ಲೂ 0.5 ಶೇಕಡದ ದ್ರಾವಣ ಬರುತ್ತದೆ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಳ ಹಾಕಿ ನೆರಳಲ್ಲಿಡಿ. ಬೆಳಗ್ಗೆ ಮಾಡಿದ್ದನ್ನು ರಾತ್ರಿ ಚೆಲ್ಲಿ. ರಾಯಚೂರಿನ ಬೇಸಿಗೆಯಲ್ಲಿ ಕ್ಲೋರಿನ್ ಬೇಗ ಹಾರಿಹೋಗುತ್ತದೆ, ನಿನ್ನೆಯ ದ್ರಾವಣದಲ್ಲಿ ಹುರುಪಿರುವುದಿಲ್ಲ. ಮೂಗಿಗೆ ಘಾಟು ಹೊಡೆಯದ ಹಳೇ ಪೌಡರನ್ನೂ ನಂಬಬೇಡಿ.

ಕತ್ತಿಯ ಬಾಯಿ ಬಿಚ್ಚಿ, ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಸೋಪು ಹಾಕಿ ಮೊದಲು ತಿಕ್ಕಿ. ಇದನ್ನು ಬಿಟ್ಟರೆ ಮುಂದಿನದೆಲ್ಲ ವ್ಯರ್ಥ, ಏಕೆಂದರೆ ಕೂದಲು, ನೊರೆಯೇ ಕ್ಲೋರಿನ್ ತಿಂದುಹಾಕುತ್ತದೆ. ಆಮೇಲೆ ಬಾಯಿ ತೆರೆದಂತೆಯೇ 10 ನಿಮಿಷ ಮುಳುಗಿಸಿ. ತೆಗೆದು ನೀರಲ್ಲಿ ಚೆನ್ನಾಗಿ ಜಾಲಿಸಿ ಒರೆಸಿಡಿ, ಇಲ್ಲವಾದರೆ ತುಕ್ಕು ಹಿಡಿಯುತ್ತದೆ. ರಾತ್ರಿ ಅಂಗಡಿ ಮುಚ್ಚುವಾಗ ಎಲ್ಲ ಸ್ಟೀಲ್ ಸಾಮಾನನ್ನೂ ಕುದಿಯುವ ನೀರಲ್ಲಿ 20 ನಿಮಿಷ ಬೇಯಿಸಿದರೆ ಇನ್ನೂ ಒಳ್ಳೆಯದು.

ಎಚ್ಚರ: ಬ್ಲೀಚಿಂಗ್ ನೀರಿಗೆ ಶೌಚಾಲಯ ತೊಳೆಯುವ ಆಸಿಡ್ ಎಂದೂ ಬೆರೆಸಬೇಡಿ. ಅದರಿಂದೇಳುವ ಕ್ಲೋರಿನ್ ಅನಿಲ ಸಣ್ಣ ಅಂಗಡಿಯಲ್ಲಿ ಪ್ರಾಣಕ್ಕೇ ಕುತ್ತು.

ಬ್ಲೇಡನ್ನು ಬರಿಗೈಯಲ್ಲಿ ಮುರಿಯಬೇಡಿ, ಕಾಗದದ ಒಳಗಿರುವಾಗಲೇ ಮುರಿಯಿರಿ. ಬೆರಳಲ್ಲಿ ಗಾಯ ಇದ್ದರೆ ಪಟ್ಟಿ ಸುತ್ತಿ ಕೆಲಸಕ್ಕೆ ನಿಲ್ಲಿ. ಬಳಸಿದ ಬ್ಲೇಡುಗಳಿಗೆ ದಪ್ಪ ಪ್ಲಾಸ್ಟಿಕ್ ಎಣ್ಣೆ ಕ್ಯಾನಿನ ಮುಚ್ಚಳದಲ್ಲಿ ಸೀಳು ಮಾಡಿ ಇಟ್ಟುಕೊಳ್ಳಿ. ಮುಕ್ಕಾಲು ತುಂಬಿದಾಗ ಟೇಪು ಸುತ್ತಿ, ಮೇಲೆ "ಬ್ಲೇಡ್" ಎಂದು ದಪ್ಪಕ್ಷರದಲ್ಲಿ ಬರೆದು ಕಸದ ಗಾಡಿಯವರ ಕೈಗೆ ಬೇರೆಯಾಗಿ ಕೊಡಿ. ಕೂದಲಿನ ಚೀಲದಲ್ಲಿ ಬ್ಲೇಡ್ ಹಾಕಿದರೆ ಕುಯ್ಯುವುದು ಪೌರಕಾರ್ಮಿಕರ ಕೈಯನ್ನು.

ಎಚ್‌ಐವಿ ಇದೆ ಎಂದು ಗೊತ್ತಾದ ಗಿರಾಕಿಯನ್ನು ವಾಪಸ್ ಕಳಿಸಬೇಡಿ. ಅದು ತಾರತಮ್ಯ, 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ಅದನ್ನು ನಿಷೇಧಿಸಿದೆ. ಹೇಳಿದವರೊಬ್ಬರು, ಹೇಳದವರು, ತಮಗೇ ಗೊತ್ತಿಲ್ಲದವರು ಎಷ್ಟೋ ಜನ. ಎಲ್ಲರ ರಕ್ತಕ್ಕೂ ಒಂದೇ ಎಚ್ಚರಿಕೆ ಇಟ್ಟುಕೊಂಡರೆ ಯಾರನ್ನೂ ದೂರ ಇಡಬೇಕಿಲ್ಲ.

7. ಲಸಿಕೆ, ಪರೀಕ್ಷೆ

ಹೆಪಟೈಟಿಸ್ ಬಿಗೆ ಲಸಿಕೆ ಇದೆ. ಮೂರು ಡೋಸ್: ಇವತ್ತು, ಒಂದು ತಿಂಗಳಿಗೆ, ಆರು ತಿಂಗಳಿಗೆ. ಮಕ್ಕಳ ಲಸಿಕಾ ಕಾರ್ಯಕ್ರಮದಲ್ಲಿ ಇದು ದೇಶವಿಡೀ ಸೇರಿದ್ದು 2011ರ ಹೊತ್ತಿಗೆ. ಹಾಗಾಗಿ ಈಗ ದುಡಿಯುವ ವಯಸ್ಸಿನ ಬಹಳ ಜನಕ್ಕೆ ಇದು ಬಿದ್ದಿಲ್ಲ. ಕತ್ತಿ ಹಿಡಿಯುವ ಪ್ರತಿಯೊಬ್ಬರೂ, ಅಂಗಡಿಗೆ ಕೆಲಸ ಕಲಿಯಲು ಬಂದ ಹುಡುಗನೂ, ಹಾಕಿಸಿಕೊಳ್ಳಲೇಬೇಕು ಎಂಬುದು ನನ್ನ ಒತ್ತಾಯ. ಎರಡು ಡೋಸ್ ಆದ ಮೇಲೆ ಮೂರನೆಯದನ್ನು ಮರೆಯುವವರೇ ಹೆಚ್ಚು. ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ಹೆಪಟೈಟಿಸ್ ಸಿಗೆ ಲಸಿಕೆ ಇಲ್ಲ. ಆದರೆ ಸಾಮಾನ್ಯವಾಗಿ 12 ವಾರದ ಮಾತ್ರೆಯಲ್ಲಿ 100ರಲ್ಲಿ 95ಕ್ಕೂ ಹೆಚ್ಚು ಜನ ಪೂರ್ತಿ ಗುಣವಾಗುತ್ತಾರೆ. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಬಿ ಮತ್ತು ಸಿ ಎರಡಕ್ಕೂ ಪರೀಕ್ಷೆ, ಔಷಧ ಉಚಿತ. ಜಿಲ್ಲಾ ಆಸ್ಪತ್ರೆಯಲ್ಲಿ ಈ ಕಾರ್ಯಕ್ರಮದ ಹೆಸರು ಹೇಳಿ ವಿಚಾರಿಸಿ. ಎಚ್‌ಐವಿ ಪರೀಕ್ಷೆಗೆ ಐಸಿಟಿಸಿ ಕೇಂದ್ರವಿದೆ. ಇದು ಆಪ್ತ ಸಲಹೆ ಕೊಟ್ಟು, ಗುಟ್ಟಾಗಿ, ಉಚಿತವಾಗಿ ಪರೀಕ್ಷಿಸುವ ಜಾಗ. ಮನೆಯಿಂದಲೇ ಕೇಳಬೇಕೆಂದರೆ 1097ಕ್ಕೆ ಕರೆ ಮಾಡಿ.

ಗೀರಿದ ಮರುದಿನವೇ ಪರೀಕ್ಷೆ ಮಾಡಿಸಿ "ನೆಗೆಟಿವ್ ಬಂತು" ಎಂದು ಸುಮ್ಮನಾಗಬೇಡಿ. ಆ ಪರೀಕ್ಷೆ ಹೇಳುವುದು ಗೀರಿಗೆ ಮುಂಚೆ ನಿಮ್ಮ ಮೈಯಲ್ಲಿ ಏನಿತ್ತು ಎಂಬುದನ್ನು. ಸೋಂಕು ರಕ್ತದಲ್ಲಿ ಕಾಣಿಸಲು ವಾರಗಳು ಬೇಕು. ಹಾಗಾಗಿ ಮೂರು ತಿಂಗಳಿಗೆ ಮತ್ತೆ, ವೈದ್ಯರು ಹೇಳಿದರೆ ಆರು ತಿಂಗಳಿಗೆ ಇನ್ನೊಮ್ಮೆ ಮಾಡಿಸಿ. ಅಲ್ಲಿಯ ತನಕ ರಕ್ತದಾನ ಮಾಡಬೇಡಿ.

ಪಾಸಿಟಿವ್ ಬಂದರೆ ಕಾಮಣಿಗೆ ಬರೆ ಹಾಕುವವರ ಬಳಿ, ಬೇರಿನ ರಸ ಕೊಡುವವರ ಬಳಿ ಹೋಗಬೇಡಿ. ಬರೆಯಿಂದ ವೈರಾಣು ಸಾಯುವುದಿಲ್ಲ, ಕೆಲವು ರಸಗಳು ಲಿವರನ್ನೇ ಕೆಡಿಸುತ್ತವೆ. ಕುಡಿತ ಅಂದೇ ನಿಲ್ಲಿಸಿ. ಮನೆಯವರೆಲ್ಲರನ್ನೂ ಪರೀಕ್ಷೆಗೆ ಕರೆದೊಯ್ಯಿರಿ. ಒಂದೇ ತಟ್ಟೆಯಲ್ಲಿ ಉಂಡರೆ, ಮಗುವನ್ನು ಎತ್ತಿ ಆಡಿಸಿದರೆ ಇದು ಅಂಟುವುದಿಲ್ಲ. ಬೇರೆ ಇಡಬೇಕಾದದ್ದು ರೇಜರ್, ಉಗುರು ಕತ್ತರಿಸುವ ಕಟರ್, ಹಲ್ಲುಜ್ಜುವ ಬ್ರಷ್. ದಾಡಿಯನ್ನು ಮನೆಯಲ್ಲೇ ನಿಮ್ಮ ಕೈಯಿಂದಲೇ ಮಾಡಿಕೊಳ್ಳಿ. ಕಟಿಂಗ್‌ಗೆ ಎಂದಿನ ಅಂಗಡಿಗೇ ಹೋಗಿ.